ಕರಡಿ ತಿರುವಿನ ಮರಳು

ಏಪ್ರಿಲ್ ತಿಂಗಳಲ್ಲಿ ನಮ್ಮ ಓಬೆಟ್ಸುವಿನಿಂದ ಬಂದರಿಗೆ ಹೋಗುವ ಬಸ್ಸು ಹತ್ತಿದವರಿಗೆ ಘಟ್ಟದ ಮೇಲಿನ ತಿರುವಿನಲ್ಲಿ ಒಬ್ಬ ಮನುಷ್ಯ ಕಾಣಿಸುತ್ತಾನೆ. ಎಣ್ಣೆಕಲೆಯ ನೀಲಿ ಅಂಗಿ, ಕುತ್ತಿಗೆಗೆ ಸುತ್ತಿದ ಟವೆಲ್, ಕೈಯಲ್ಲಿ ಬಿದಿರಿನ ಉದ್ದ ಪೊರಕೆ. ಸರ್ಕಾರದ ರಸ್ತೆಯನ್ನು ತನ್ನ ಮನೆಯಂಗಳ ಎಂಬಂತೆ ಗುಡಿಸುತ್ತಿರುತ್ತಾನೆ. ಹೊಸಬರು ಕಿಟಕಿಗೆ ಮುಖ ಒತ್ತಿ ನೋಡಿ, ವಾಪಸು ಬಂದು ಇಳಿದ ಮೇಲೆ ಯಾರನ್ನಾದರೂ ವಿಚಾರಿಸುತ್ತಾರೆ. ಹೆಚ್ಚಿನ ಸಲ ಅದು ನಾನೇ ಆಗಿರುತ್ತೇನೆ, ಏಕೆಂದರೆ ಬಸ್ ನಿಲ್ದಾಣದ ಎದುರಿಗೇ ನನ್ನ ನೂಡಲ್ ಅಂಗಡಿ.

“ಅವರಿಗೇನಾದ್ರೂ ತಲೆ ಕೆಟ್ಟಿದೆಯಾ ಅಕ್ಕ?” ಎಂದು ಕೇಳಿದವರೂ ಇದ್ದಾರೆ.

“ನಿಮ್ಮ ಸಾರು ಆರಿಹೋಗ್ತಿದೆ, ಮೊದ್ಲು ಕುಡೀರಿ” ಎಂದು ಬಾಯಿ ಮುಚ್ಚಿಸುತ್ತೇನೆ. ಬಡಿಸುವ ಮಧ್ಯೆ ಹೇಳಿ ಮುಗಿಸುವ ಮಾತಲ್ಲ ಅದು. ಆದರೆ ಅವನನ್ನು ಹುಚ್ಚ ಎಂದುಕೊಂಡು ಊರು ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಒಂದು ಸಲ ಕೂತು ಪೂರ್ತಿ ಹೇಳಿಬಿಡುತ್ತೇನೆ.

ಅವನ ಹೆಸರು ಟೋಗಾಶಿ. ಮೋಟಾರ್‌ಸೈಕಲ್ ರಿಪೇರಿಯವನು. ನನ್ನ ಅಂಗಡಿಯ ಗೋಡೆಗೆ ಅಂಟಿಕೊಂಡಂತೆಯೇ ಅವನ ಶೆಡ್ಡು. ಉತ್ತರದ ದ್ವೀಪವಾದ ಹೊಕ್ಕಾಯ್ಡೊದ ನಮ್ಮ ಈ ಮೂಲೆಯಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್‌ವರೆಗೂ ಕದಲುವುದಿಲ್ಲ. ಅಷ್ಟು ದಿನ ದೂರದ ಪ್ರಯಾಣದ ದೊಡ್ಡ ಮೋಟಾರ್‌ಸೈಕಲ್ ಗಾಡಿಗಳಿಗೆ ರಸ್ತೆಯಲ್ಲಿ ಕೆಲಸವಿಲ್ಲ. ಸುತ್ತಲಿನ ಊರಿನವರು ಹಿಮ ಬೀಳುವ ಮುಂಚೆ ಅವನ್ನು ತಂದು ಅವನಲ್ಲಿ ಬಿಟ್ಟು ಹೋಗುತ್ತಾರೆ. ಅದನ್ನು ಗಾಡಿ ಮಲಗಿಸುವುದು ಎನ್ನುತ್ತೇವೆ. ಕಾಡಿನ ಕರಡಿಗೆ ಇದ್ದಂತೆ ಗಾಡಿಗೂ ಚಳಿಗಾಲದ ನಿದ್ದೆ. ಒಳಗೆ ತುಕ್ಕು ಹಿಡಿಯದಿರಲಿ ಎಂದು ಟ್ಯಾಂಕಿಗೆ ಬಾಯಿವರೆಗೂ ಪೆಟ್ರೋಲ್ ತುಂಬಿಸುತ್ತಾನೆ. ಇಲಿ ನುಗ್ಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುತ್ತಾನೆ. ಬ್ಯಾಟರಿಗಳನ್ನೆಲ್ಲ ಬಿಚ್ಚಿ ತಾನು ಮಲಗುವ ಕೋಣೆಯಲ್ಲಿ ಸಾಲಾಗಿ ಜೋಡಿಸಿಕೊಳ್ಳುತ್ತಾನೆ, ಶೆಡ್ಡಿನ ಚಳಿಗೆ ಅವು ಸತ್ತುಹೋಗುತ್ತವಂತೆ.

“ಹೆಂಡ್ತಿ ಇರಬೇಕಾದ ಕೋಣೇಲಿ ಬ್ಯಾಟರಿ ಮಲಗಿಸ್ಕೊಂಡಿದ್ದೀಯಲ್ಲೋ” ಎಂದು ನಾನು ಕಾಡಿದರೆ, “ಬ್ಯಾಟರಿ ಬೈಯಲ್ಲ ಸುಮಿಯೆ ಅಕ್ಕ” ಎನ್ನುತ್ತಾನೆ.

ಮಾರ್ಚ್ ಮುಗಿಯುತ್ತ ಬಂದಂತೆ ಎಬ್ಬಿಸುವ ಕೆಲಸ ಶುರು. ಹಳೆಯ ಎಣ್ಣೆ ಇಳಿಸಿ ಹೊಸದು ಹಾಕುವುದು, ಬ್ರೇಕಿನ ಎಣ್ಣೆ ಬದಲಿಸುವುದು, ಟೈರಿಗೆ ಗಾಳಿ, ಚೈನಿಗೆ ಗ್ರೀಸು, ಅಕ್ಕಪಕ್ಕದ ಸಾಮಾನಿನ ಪೆಟ್ಟಿಗೆಗಳ ಬೀಗಕ್ಕೆ ಒಂದು ತೊಟ್ಟು ಎಣ್ಣೆ. ಎಷ್ಟು ಬಟ್ಟೆ ತುರುಕಿದರೂ ಯಾವುದಾದರೊಂದು ಗಾಡಿಯ ಏರ್ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿಯೇ ಇರುತ್ತದೆ. ಆಗ ಅವನು ಬೈಯುವ ಬೈಗುಳ ನನ್ನ ಅಡುಗೆಮನೆಗೆ ಕೇಳಿಸುತ್ತದೆ. ಕೊನೆಗೆ ಗುಡ್ಡದ ದೇವಾಲಯದಿಂದ ತಂದ ರಸ್ತೆಯ ರಕ್ಷೆಯನ್ನು ಒಂದೊಂದು ಗಾಡಿಗೂ ಕಟ್ಟಿ, ಎಲ್ಲ ಎಂಜಿನ್ನುಗಳನ್ನೂ ಒಂದೇ ಬೆಳಿಗ್ಗೆ ಶುರು ಮಾಡುತ್ತಾನೆ. ನನ್ನ ಅಂಗಡಿಯ ಬಟ್ಟಲುಗಳೆಲ್ಲ ಕಪಾಟಿನಲ್ಲಿ ಗಡಗಡ ನಡುಗುತ್ತವೆ. ಚೆರ್ರಿ ಹೂವು ನಮ್ಮಲ್ಲಿಗೆ ಮೇ ತಿಂಗಳಿಗೆ ಮುಂಚೆ ಬರುವುದಿಲ್ಲ. ಓಬೆಟ್ಸುವಿಗೆ ವಸಂತ ಬಂತು ಎಂದು ಗೊತ್ತಾಗುವುದು ಈ ಬಟ್ಟಲುಗಳ ಸದ್ದಿನಿಂದಲೇ.

ಆದರೆ ಎಂಜಿನ್ ಎದ್ದರೂ ಗಾಡಿ ಹೊರಗೆ ಬರುವಂತಿಲ್ಲ. ಟೋಗಾಶಿಯದೊಂದು ಕಟ್ಟುನಿಟ್ಟು ಇತ್ತು. ತೊಳೆಯುವ ಮಳೆ ಬರುವವರೆಗೆ ಯಾರಿಗೂ ಗಾಡಿ ಕೊಡುವುದಿಲ್ಲ.

ಚಳಿಗಾಲದಲ್ಲಿ ಏರು, ತಿರುವುಗಳಲ್ಲಿ ವಾಹನ ಜಾರದಿರಲಿ ಎಂದು ಹಿಮದ ಮೇಲೆ ದಪ್ಪ ಮರಳು ಚೆಲ್ಲುತ್ತಾರೆ. ಹಿಮ ಕರಗಿದ ಮೇಲೂ ಮರಳು ಡಾಂಬರಿನ ಮೇಲೆ ಹಾಗೇ ಉಳಿಯುತ್ತದೆ. ಕಾರಿಗೆ ಅದರಿಂದ ಏನೂ ಇಲ್ಲ. ಆದರೆ ತಿರುವಿನಲ್ಲಿ ಒರಗುವ ಎರಡು ಚಕ್ರದ ಗಾಡಿಗೆ, ಚೆಲ್ಲಿದ ಕಾಳಿನ ಮೇಲೆ ಕಾಲಿಟ್ಟ ಹಾಗೆ. ರಸ್ತೆ ಗುಡಿಸುವ ಯಂತ್ರ ದೊಡ್ಡ ಊರುಗಳನ್ನು ಮುಗಿಸಿಕೊಂಡು ನಮ್ಮ ಘಟ್ಟಕ್ಕೆ ಬರುವಾಗ ಮೇ ಆಗಿರುತ್ತದೆ. ಅದಕ್ಕೂ ಮೊದಲು, ಏಪ್ರಿಲ್ ನಡುವಿನಲ್ಲಿ, ಒಂದು ಜೋರು ಮಳೆ ಬಿದ್ದು ಮರಳನ್ನು ಚರಂಡಿಗೆ ತಳ್ಳುವುದು ವಾಡಿಕೆ. ಅದೇ ತೊಳೆಯುವ ಮಳೆ.

ಈ ಕಟ್ಟುನಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಟೋಗಾಶಿ ತಂದೆಯ ಕೈಯಿಂದ ಶೆಡ್ಡು ವಹಿಸಿಕೊಂಡ ಹೊಸತರಲ್ಲಿ ನಮ್ಮ ಶಾಲೆಗೆ ಒಬ್ಬ ಎಳೆಯ ಮೇಷ್ಟ್ರು ಬಂದಿದ್ದರು. ಒಂದು ಒಳ್ಳೇ ಬಿಸಿಲಿನ ದಿನ ಬಂದು ಗಾಡಿ ಕೇಳಿದರು, ಇವನು ಕೊಟ್ಟ. ಘಟ್ಟದ ಕರಡಿ ತಿರುವಿನಲ್ಲಿ, ಮರದ ನೆರಳಿನಲ್ಲಿ ಕೂತಿದ್ದ ಮರಳಿಗೆ ಮುಂದಿನ ಚಕ್ರ ಸಿಕ್ಕಿತು. ಮೇಷ್ಟ್ರ ಮಂಡಿ ಪುಡಿಯಾಯಿತು. ಊರು ಬಿಡುವಾಗ ಅವರ ಕೈಯಲ್ಲಿ ಕೋಲಿತ್ತು. ಗಾಡಿಯಲ್ಲಿ ಒಂದು ದೋಷವೂ ಇರಲಿಲ್ಲ, ಮೇಷ್ಟ್ರು ಇವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಇವನಿಗೆ ಹಗುರವಾಗುತ್ತಿತ್ತೇನೋ.

ಆಮೇಲೆ ಪ್ರತಿ ವರ್ಷ ಒಂದೇ ಪದ್ಧತಿ. ಮಳೆ ನಿಂತ ಮಾರನೆಯ ಬೆಳಿಗ್ಗೆ ಟೋಗಾಶಿ ತನ್ನ ಪುಟ್ಟ ಟ್ರಕ್ಕಿನಲ್ಲಿ ಒಬ್ಬನೇ ಘಟ್ಟ ಹತ್ತಿ, ಕರಡಿ ತಿರುವಿನಲ್ಲಿ ಇಳಿದು, ಡಾಂಬರಿನ ಮೇಲೆ ಅಂಗೈ ಸವರಿ ನೋಡುತ್ತಾನೆ. ಅಂಗೈಗೆ ಏನೂ ಹತ್ತದಿದ್ದರೆ ವಾಪಸು ಬಂದು ಶೆಡ್ಡಿನ ಎರಡೂ ಬಾಗಿಲು ತೆರೆಯುತ್ತಾನೆ. ಗಾಡಿಯವರೆಲ್ಲ ಸೇರುತ್ತಾರೆ. ಎಲ್ಲರೂ ಒಟ್ಟಿಗೆ ಘಟ್ಟ ದಾಟಿ ಬಂದರಿಗೆ ಹೋಗಿ, ಸುಟ್ಟ ಮೀನು ಅನ್ನ ತಿಂದು, ಸಮುದ್ರ ನೋಡಿ ಬರುತ್ತಾರೆ. ಎಲ್ಲರಿಗಿಂತ ಮುಂದಿನ ಗಾಡಿ ಮಿಕಾಮಿ ಅಜ್ಜನದು.

ಮಿಕಾಮಿ ಅಜ್ಜ ತಮ್ಮ ದುಡಿಮೆಯ ಕಾಲವನ್ನೆಲ್ಲ ಹಾಲಿನ ಟ್ಯಾಂಕರ್ ಓಡಿಸಿ ಕಳೆದವರು. ಬೆಳಕು ಹರಿಯುವ ಮುಂಚೆ ಹೊರಟು, ದನದ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಹಾಲು ತುಂಬಿಸಿಕೊಂಡು ಡೇರಿಗೆ ಸುರಿಯುವುದು. ಹಸುಗಳಿಗೆ ಭಾನುವಾರವಿಲ್ಲ, ಹೊಸ ವರ್ಷವಿಲ್ಲ, ಹಾಗಾಗಿ ಅಜ್ಜನಿಗೂ ಇರಲಿಲ್ಲ. ಬಯಲಿನ ಆ ಒಂದೇ ನೇರ ರಸ್ತೆ. ಘಟ್ಟದ ಆಚೆ ಸಮುದ್ರವಿದೆ ಎಂದು ಗೊತ್ತಿದ್ದರೂ ಹೋಗಿ ನೋಡುವ ಪುರುಸೊತ್ತು ಸಿಗಲಿಲ್ಲ. ಕೆಲಸ ಬಿಟ್ಟ ವರ್ಷ, ಹೆಂಡತಿಯೂ ತೀರಿಕೊಂಡಿದ್ದರು, ಎಲ್ಲರೂ ಹೂವಿನ ಕುಂಡ ಇಟ್ಟುಕೊಳ್ಳುವ ವಯಸ್ಸಿನಲ್ಲಿ ಅವರು ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿ, ಕಡುಗೆಂಪು ಬಣ್ಣದ, ಎರಡೂ ಕಡೆ ಪೆಟ್ಟಿಗೆಯಿರುವ, ಎಮ್ಮೆಯಷ್ಟು ತೂಕದ ಗಾಡಿ ತಂದು ನಿಲ್ಲಿಸಿದರು.

“ಬೀಳ್ತೀರಾ ಅಜ್ಜ” ಎಂದೆ ನಾನು.

“ಬಿದ್ರೆ ಎಬ್ಬಿಸೋಕೆ ಪಕ್ಕದಲ್ಲಿ ಟೋಗಾಶಿ ಇದ್ದಾನೆ. ಹಸಿದ್ರೆ ನೀನಿದ್ದೀಯ. ಇನ್ನೇನು ಬೇಕು ನಂಗೆ?”

ಅವರು ಬೀಳಲಿಲ್ಲ. ಇಡೀ ದ್ವೀಪ ಸುತ್ತಿದರು. ಎದುರು ಬರುವ ಗಾಡಿಯವರು ಗುರುತಿಲ್ಲದಿದ್ದರೂ ಎಡಗೈ ಎತ್ತಿ ಸಾಗುವುದು ನಮ್ಮ ಕಡೆಯ ರೂಢಿ. ಅಜ್ಜ ಮಾತ್ರ ಬಸ್ಸಿಗೂ ಎತ್ತುತ್ತಿದ್ದರು, ಹಾಲಿನ ಟ್ಯಾಂಕರಿಗಂತೂ ಎರಡು ಸಲ ಎತ್ತುತ್ತಿದ್ದರು. ಟೋಗಾಶಿಗೆ ತಂದೆ ಹೋದ ಮೇಲೆ ಹಿರಿಯ ಅಂತ ಇದ್ದದ್ದು ಅವರೊಬ್ಬರೇ. ವಯಸ್ಸಿನಲ್ಲಿ ತಂದೆಯಂತಿದ್ದರೂ ಗಾಡಿಯ ಗೆಳೆತನದಲ್ಲಿ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದ. ವಸಂತದಲ್ಲಿ ಹುಡುಗರು ಶೆಡ್ಡಿನ ಮುಂದೆ ನಿಂತು “ರಸ್ತೆ ಒಣಗಿದೆ, ಬಿಸಿಲಿದೆ, ಇನ್ನೂ ಏನ್ ಕಾಯೋದು?” ಎಂದು ರಾಗ ಎಳೆದಾಗ ಗದರುತ್ತಿದ್ದವರೂ ಅಜ್ಜನೇ. “ಹಾಲು ಹೊತ್ತೋನಿಗೆ ಗೊತ್ತು ರಸ್ತೆ ಅಂದ್ರೇನು ಅಂತ. ಟೋಗಾಶಿ ಹೂಂ ಅಂದ್ಮೇಲೇ ಹೂಂ. ನಡೀರಿ ಮನೆಗೆ!”

ಈ ಮಾತೇ ಕೊನೆಗೆ ಅವರ ಕೈ ಕಟ್ಟಿಹಾಕಿತು.

ಆ ವರ್ಷ ಅಜ್ಜನಿಗೆ ಎಂಬತ್ತು ತುಂಬುವುದಿತ್ತು. ಮಗಳು ಯುಕಾರಿ, ದೂರದ ಪೇಟೆಯಲ್ಲಿ ದಾದಿ, ಅಪಘಾತವಾದವರನ್ನು ದಿನಾ ನೋಡುವವಳು. ಎಂಬತ್ತರ ಹುಟ್ಟುಹಬ್ಬದ ದಿನ ಲೈಸೆನ್ಸ್ ಪೊಲೀಸ್ ಠಾಣೆಗೆ ಒಪ್ಪಿಸಿಬಿಡಬೇಕು ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ನಮ್ಮಲ್ಲಿ ವಯಸ್ಸಾದವರು ಹಾಗೆ ಒಪ್ಪಿಸುವುದು ಹೊಸದಲ್ಲ. ಅಜ್ಜನೂ ಜಗಳವಾಡದೆ ಹೂಂ ಅಂದಿದ್ದರು. ಹುಟ್ಟುಹಬ್ಬ ಏಪ್ರಿಲ್ ಇಪ್ಪತ್ತಕ್ಕೆ. ಅಷ್ಟರೊಳಗೆ ತೊಳೆಯುವ ಮಳೆ ಬರುತ್ತದೆ, ಕಡೆಯದಾಗಿ ಒಂದು ಸಲ ಘಟ್ಟ ದಾಟಿ ಸಮುದ್ರ ನೋಡಿ ಬಂದರಾಯಿತು ಎಂಬ ಲೆಕ್ಕ ಅವರದು.

ಆ ವಸಂತದಲ್ಲಿ ಆಕಾಶ ಒಣಗಿ ಕೂತಿತು.

ಹಿಮವೇನೋ ಬೇಗ ಕರಗಿತು. ಬಯಲಿನ ರಸ್ತೆಯ ಮರಳನ್ನು ಗಾಳಿಯೇ ಹೊತ್ತುಕೊಂಡು ಹೋಯಿತು. ಘಟ್ಟದ ಕೆಳಗಿನ ತಿರುವುಗಳೂ ಬಿಸಿಲಿಗೆ, ಗಾಳಿಗೆ ಬರಿದಾದವು. ಆದರೆ ಮಳೆ ಮಾತ್ರ ಇಲ್ಲ. ಟೋಗಾಶಿ ದಿನವೂ ಘಟ್ಟ ಹತ್ತುತ್ತಿದ್ದ. ಕರಡಿ ತಿರುವಿನಲ್ಲಿ ಇಳಿದು ಅಂಗೈ ಸವರುತ್ತಿದ್ದ, ಅಂಗೈ ತುಂಬ ಮರಳು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು ವಾಪಸು ಬಂದು, ನನ್ನ ಅಂಗಡಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತು, “ಇನ್ನೂ ಇದೆ” ಎನ್ನುತ್ತಿದ್ದ. ಎದುರಿಗೆ ಕೂತ ಅಜ್ಜ “ಸರಿ ಬಿಡು” ಎಂದು ನೂಡಲ್ ಹೀರುತ್ತಿದ್ದರು.

ದಿನ ಹತ್ತಿರ ಬಂದಂತೆ ಆ “ಸರಿ ಬಿಡು” ಸಣ್ಣದಾಗುತ್ತ ಹೋಯಿತು.

ಒಂದು ಮಧ್ಯಾಹ್ನ ನಾನು ನೆರಳಲ್ಲಿ ಉಳಿದಿದ್ದ ಹಿಮದ ಅಂಚಿನಲ್ಲಿ ಆಗಷ್ಟೇ ಮೂತಿ ತೂರಿಸಿದ ಫುಕಿ ಎಂಬ ಕಾಡುಸೊಪ್ಪಿನ ಮೊಗ್ಗುಗಳನ್ನು ಕಿತ್ತು ತಂದು, ಹಿಟ್ಟಿನಲ್ಲಿ ಅದ್ದಿ ಕರಿದಿದ್ದೆ. ವಸಂತದ ಮೊದಲ ಕಹಿ ಅದು, ಅಜ್ಜನಿಗೆ ಪ್ರಾಣ. ಅವತ್ತು ಒಂದನ್ನೂ ಮುಟ್ಟಲಿಲ್ಲ.

“ಟೋಗಾಶಿ, ಒಂದು ಮಾತು ಕೇಳ್ತೀನಿ, ಬೈಬೇಡ” ಎಂದರು.

“ಕೇಳಣ್ಣ.”

“ಹುಡುಗರಿಗೆ ಗೊತ್ತಾಗೋದು ಬೇಡ. ಬೆಳಿಗ್ಗೆ ಬೇಗ ನಾನೊಬ್ನೇ ಹೋಗಿ ಬಂದ್ಬಿಡ್ತೀನಿ. ಆ ತಿರುವಲ್ಲಿ ಆಮೆ ಹಂಗೆ ಹೋಗ್ತೀನಿ. ಕಾಲು ನೆಲಕ್ಕೆ ಊರ್ಕೊಂಡೇ ಹೋಗ್ತೀನಿ ಬೇಕಾದ್ರೆ.”

ಟೋಗಾಶಿ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟ. “ಮುನ್ನೂರು ಕಿಲೋ ಗಾಡಿ ಅಣ್ಣ. ಏರಲ್ಲಿ ಕಾಲು ಊರಿ ನಿಲ್ಸೋಕಾಗುತ್ತಾ? ಆವತ್ತು ಮೇಷ್ಟ್ರೂ ನಿಧಾನವಾಗೇ ಹೋಗಿದ್ದು.”

“ಇಪ್ಪತ್ತಕ್ಕೆ ಮುಗೀತಲ್ಲೋ ನಂದು.”

“ಮಳೆ ಬರುತ್ತೆ. ಇವತ್ತು ಪಡುವಣ ಗಾಳಿ ಇದೆ, ನಾಳೆ ನಾಡಿದ್ದು ಬಂದೇ ಬರುತ್ತೆ.”

ನನಗೆ ತಡೆಯಲಾಗಲಿಲ್ಲ. “ನಿನ್ನ ಟ್ರಕ್ ಇದೆಯಲ್ಲೋ! ಗಾಡಿ ಅದ್ರ ಮೇಲೆ ಏರ್ಸು, ತಿರುವು ದಾಟ್ಸು, ಆಚೆ ಕಡೆ ಇಳ್ಸಿ ಕೊಡು. ಅಷ್ಟಕ್ಕೆ ಇಷ್ಟು ರಾದ್ಧಾಂತವಾ?”

ಅದಕ್ಕೆ ಒಪ್ಪದವರು ಅಜ್ಜ. “ಬೇಡ ಸುಮಿಯೆ. ಕೊನೇ ಸಲ ಅಂತ ಹೋಗ್ತಿರೋದು. ನಮ್ಮನೆ ಬಾಗಿಲಿಂದ ಹತ್ತಿ, ಘಟ್ಟ ನಾನೇ ದಾಟಿ, ನಾನೇ ವಾಪಸ್ ಬಂದು ನಮ್ಮನೆ ಬಾಗಿಲಲ್ಲಿ ಇಳೀಬೇಕು. ಅರ್ಧ ದಾರಿ ಹೊರೆ ಆಗಿ ಹೋಗೋದಾದ್ರೆ ಬಸ್ಸೇ ಇದೆಯಲ್ಲ.”

ಟೋಗಾಶಿ ತಲೆ ಎತ್ತಲಿಲ್ಲ. “ನೀವು ಬಿದ್ರೆ ಯುಕಾರಿಗೆ ನಾನು ಯಾವ ಮುಖ ತೋರಿಸ್ಲಿ? ಮಳೆ ಬರ್ಲಿ ಅಣ್ಣ. ಬಂದ ದಿನವೇ ಕೊಡ್ತೀನಿ.”

ಅಜ್ಜ ಜಬರದಸ್ತಿ ಮಾಡಿದ್ದರೆ ಇವನು ಕೊಟ್ಟುಬಿಡುತ್ತಿದ್ದ ಎಂದು ನನಗೆ ಈಗಲೂ ಅನ್ನಿಸುತ್ತದೆ. ಗಾಡಿ ಅವರದೇ, ಬೀಗದ ಕೈ ಕೇಳುವ ಹಕ್ಕು ಅವರಿಗಿತ್ತು. ಆದರೆ ವರ್ಷ ವರ್ಷ ಹುಡುಗರ ಬಾಯಿ ಮುಚ್ಚಿಸಿದ ಮನುಷ್ಯ, ತನ್ನ ಸರದಿ ಬಂದಾಗ ಹೇಗೆ ಹಠ ಹಿಡಿದಾರು? “ನೀನು ಹೂಂ ಅಂದ್ಮೇಲೇ ಹೂಂ” ಎಂದು ಎದ್ದು ಹೋದರು. ಕರಿದ ಮೊಗ್ಗುಗಳು ತಟ್ಟೆಯಲ್ಲಿ ಮೆತ್ತಗಾಗಿ ಉಳಿದವು.

ಅವತ್ತಿನಿಂದ ಟೋಗಾಶಿ ಬೇರೆಲ್ಲ ಗಾಡಿ ಬಿಟ್ಟು ಕಡುಗೆಂಪು ಗಾಡಿಯೊಂದರ ಮೇಲೇ ಬಿದ್ದ. ಬದಲಿಸಿದ್ದ ಎಣ್ಣೆಯನ್ನೇ ಮತ್ತೆ ಬದಲಿಸಿದ. ಚಕ್ರ ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸ್ ತುಂಬಿದ. ಸೀಟಿನ ಹರಿದ ಹೊಲಿಗೆಯನ್ನು ತಾನೇ ಹೊಲಿದ. ಅಜ್ಜನ ಕೈಬೆರಳು ಚಳಿಗೆ ಮರಗಟ್ಟುತ್ತವೆಂದು ಹಿಡಿಕೆಗೆ ಬಿಸಿ ಮಾಡುವ ತಂತಿ ಜೋಡಿಸಿದ. ಪ್ರತಿ ಬೆಳಿಗ್ಗೆ ಎಂಜಿನ್ ಶುರು ಮಾಡಿ, ಕಿವಿಗೊಟ್ಟು ಕೇಳಿ, ಆರಿಸುತ್ತಿದ್ದ. ಆ ಗಾಡಿಯನ್ನು ಅಷ್ಟು ಚೆನ್ನಾಗಿ ತಯಾರು ಮಾಡಿದ್ದು ಇನ್ನೊಂದಿಲ್ಲ. ಹೊರಗೆ ಆಕಾಶ ಮಾತ್ರ ತೊಳೆದಿಟ್ಟ ಬಟ್ಟಲಿನ ಹಾಗೆ ಖಾಲಿ.

ಇಪ್ಪತ್ತನೆಯ ತಾರೀಕು ಬಂತು.

ಯುಕಾರಿ ಬೆಳಗ್ಗಿನ ಬಸ್ಸಿಗೆ ಬಂದಳು. ಅಜ್ಜ ಮಗಳ ಮದುವೆಗೆ ಹಾಕಿಕೊಂಡಿದ್ದ ಕೋಟನ್ನೇ ಹಾಕಿಕೊಂಡು ಅವಳ ಜೊತೆ ಠಾಣೆಗೆ ನಡೆದು ಹೋದರು. ಒಂದು ದಿನ ಮುಂದೆ ಹಾಕಿದ್ದರೂ ಅವಳು ಏನೂ ಅನ್ನುತ್ತಿರಲಿಲ್ಲ, ಆದರೆ ಅವರು ಮಾತು ಕೊಟ್ಟವರು. ವಾಪಸು ಬರುವಾಗ ನನ್ನ ಅಂಗಡಿಗೆ ಬಂದರು. ಹುಟ್ಟುಹಬ್ಬ ಎಂದು ನಾನು ಬಟ್ಟಲಿಗೆ ಸಿಹಿ ಹೆರಿಂಗ್ ಮೀನು ಇಟ್ಟು ಕೊಟ್ಟೆ. ಅಜ್ಜ ಜೇಬಿನ ಮೇಲೆ ಒಂದೆರಡು ಸಲ ಕೈ ಸವರಿಕೊಂಡರು, ಇಷ್ಟು ವರ್ಷ ಲೈಸೆನ್ಸ್ ಇಟ್ಟಿದ್ದ ಜೇಬು. “ಹಗುರ ಆಯ್ತು ನೋಡು” ಎಂದು ನಕ್ಕರು. ಆ ನಗು ನೋಡಲಾಗದೆ ನಾನು ಒಲೆಯ ಕಡೆ ತಿರುಗಿಕೊಂಡೆ.

ಟೋಗಾಶಿ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ. ಯುಕಾರಿ ತಾನೇ ಎದ್ದು ಹೋಗಿ, ಸಿಹಿತಿಂಡಿಯ ಪೆಟ್ಟಿಗೆ ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ ನಮಸ್ಕರಿಸಿದಳು.

“ಟೋಗಾಶಿ ಅಣ್ಣ, ಇಷ್ಟು ವರ್ಷ ಅಪ್ಪನಿಗೆ ಒಂದು ಗೀರೂ ಆಗದ ಹಾಗೆ ನೋಡ್ಕೊಂಡ್ರಿ. ನೀವು ಗಾಡಿ ಕೊಡಲ್ಲ ಅಂದಿದ್ದಕ್ಕೇ ನಾನು ಈ ತಿಂಗಳು ನಿದ್ದೆ ಮಾಡಿದ್ದು. ನಿಮ್ಮ ಋಣ ತೀರ್ಸೋಕಾಗಲ್ಲ.”

ಪಾಪ, ಅವಳು ಮನಸ್ಸಿನಿಂದಲೇ ಅಂದಳು. ಟೋಗಾಶಿ ಪೆಟ್ಟಿಗೆ ತೆಗೆದುಕೊಂಡ. ತಿಂಗಳಾದ ಮೇಲೂ ಅದು ಬಿಚ್ಚದೆ ಅವನ ಶೆಡ್ಡಿನ ಕಪಾಟಿನಲ್ಲೇ ಇತ್ತು.

ಅವತ್ತು ಸಂಜೆ ಮೋಡ ಕಟ್ಟಿತು. ಮಾರನೆಯ ದಿನವೆಲ್ಲ ಮಳೆ ಸುರಿಯಿತು. ನನ್ನ ತಗಡಿನ ಮಾಡಿನ ಮೇಲೆ ಆ ಸದ್ದು ಕೇಳುತ್ತ ನಾನು ಆಕಾಶವನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ.

ಮಳೆ ನಿಂತ ಮೇಲೆ ಟೋಗಾಶಿ ಬಾಗಿಲು ತೆರೆದ, ಹುಡುಗರೆಲ್ಲ ಬಂದರು, ಬಟ್ಟಲುಗಳು ನಡುಗಿದವು. ಅಜ್ಜ ಬರಲಿಲ್ಲ. ಗಾಡಿ ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿಕಳಿಸಿದ್ದರು. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ, ಬನ್ನಿ ಎಂದು ಟೋಗಾಶಿ ಅವರ ಮನೆಗೇ ಹೋಗಿ ಕರೆದ.

“ನಾನೇನು ಹಾಲಿನ ಕ್ಯಾನಾ, ಹೊತ್ಕೊಂಡು ಹೋಗೋಕೆ?” ಎಂದರಂತೆ. ಕೋಪದಲ್ಲಿ ಅಂದಿದ್ದರೆ ಇವನು ತಡೆದುಕೊಳ್ಳುತ್ತಿದ್ದ. ತಮಾಷೆಯಾಗಿ ಅಂದರಂತೆ, ಅಂದು ಬಾಗಿಲು ಮೆಲ್ಲಗೆ ಹಾಕಿಕೊಂಡರಂತೆ.

ಕೊನೆಗೆ ಹುಡುಗರೆಲ್ಲ ಹೊರಟುಹೋದ ಮೇಲೆ ಅವನೊಬ್ಬನೇ ಆ ಕಡುಗೆಂಪು ಗಾಡಿ ಹತ್ತಿ ಘಟ್ಟಕ್ಕೆ ಹೋದ. ಬೇಗನೆ ವಾಪಸು ಬಂದ. ಮಧ್ಯಾಹ್ನದ ಗಿರಾಕಿಗಳು ಇನ್ನೂ ಬಂದಿರಲಿಲ್ಲ, ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹೆಲ್ಮೆಟ್ ತೆಗೆಯದೆ ಬಂದು ಕೂತ.

“ಅಕ್ಕ, ಆ ಮರಳು ಚರಂಡಿಗೆ ಬಂದು ಬಿದ್ದಿದೆ. ನೋಡ್ದೆ. ಇಷ್ಟೇ ಇಷ್ಟು.” ಎರಡೂ ಕೈ ಚಾಚಿ ತೋರಿಸಿದ, ಮಗುವನ್ನು ಎತ್ತಿಕೊಳ್ಳುವಷ್ಟು ಅಗಲ. “ಒಂದು ನಾಲ್ಕೈದು ಬಕೆಟ್ ಆಗ್ಬಹುದು. ಬೇರೆಲ್ಲೂ ಇರ್ಲಿಲ್ಲ. ಆ ಒಂದು ತಿರುವಲ್ಲಿ ಮಾತ್ರ.”

“ಗೊತ್ತಲ್ಲೋ. ದಿನಾ ಹೋಗಿ ನೋಡ್ತಿದ್ದೆಯಲ್ಲ.”

“ದಿನಾ ಹೋಗ್ತಿದ್ದೆ. ಕೈಯಲ್ಲಿ ಮುಟ್ತಿದ್ದೆ. ಟ್ರಕ್ಕಲ್ಲೇ ಪೊರಕೆ ಇತ್ತು ಅಕ್ಕ. ಹಿಮ ಬಡಿಯೋ ಪೊರಕೆ.” ಮೇಜಿನ ಮೇಲೆ ಅಂಗೈ ಸವರಿದ. “ಒಂದು ಬೆಳಗಿನ ಕೆಲಸ. ಗುಡಿಸಿದ್ರೆ ಆಗ್ತಿತ್ತು. ಮಳೆ ಬರ್ಲಿ, ಮಳೆ ಬರ್ಲಿ ಅಂತ ಕೂತೆ.”

ನಾನು ಚಾಕು ಕೆಳಗಿಟ್ಟೆ. ಚಳಿಗಾಲವೆಲ್ಲ ಬೆಳಗೆದ್ದು ಮನೆ ಮುಂದಿನ ಹಿಮವನ್ನು ಎದೆಮಟ್ಟ ಎತ್ತಿ ಹಾಕುವ ಜನ ನಾವು. ಅದೇ ಜನಕ್ಕೆ ಒಂದು ತಿರುವಿನ ಮರಳು ಗುಡಿಸಬಹುದು ಎಂದು ಹೊಳೆಯಲಿಲ್ಲ. ಹಿಮ ನಮ್ಮದು, ರಸ್ತೆ ಸರ್ಕಾರದ್ದು, ಮರಳು ಮಳೆಯ ಪಾಲಿನದು ಎಂದು ಎಂದೋ ಹಂಚಿಟ್ಟುಬಿಟ್ಟಿದ್ದೆವು. ಕಾಯುವುದನ್ನು ಅಷ್ಟು ಚೆನ್ನಾಗಿ ಕಲಿತವರಿಗೆ ಬೇರೆ ದಾರಿ ಕಾಣುವುದಿಲ್ಲ. ಅವನ ಎಚ್ಚರಿಕೆಯ ಮೇಲೆ ನನಗೆ ಅಂದೂ ಕೋಪವಿರಲಿಲ್ಲ, ಇಂದೂ ಇಲ್ಲ. ಅಜ್ಜನ ಆಸೆಗೂ ಆ ಎಚ್ಚರಿಕೆಗೂ ನಡುವೆ ಇದ್ದದ್ದು ಒಂದು ಪೊರಕೆ ಮಾತ್ರ.

“ಹೆಲ್ಮೆಟ್ ತೆಗಿ, ಊಟ ಮಾಡು” ಎಂದೆ. ಅವನು ತೆಗೆಯಲಿಲ್ಲ. ಅಳುವುದು ಕಾಣಬಾರದೆಂದು ಹಾಕಿಕೊಂಡಿದ್ದಾನೆ ಎಂದು ಆಮೇಲೆ ಹೊಳೆಯಿತು.

ಗಾಡಿಯನ್ನು ಅವನು ಯಾರಿಗೂ ಕೊಡಲಿಲ್ಲ. ಅಜ್ಜ ಆ ಬೇಸಿಗೆಯೆಲ್ಲ ಮಧ್ಯಾಹ್ನ ಬಂದರು, ಹೋದರು. ಹವೆಯ ಮಾತು, ಹಸುವಿನ ಮಾತು, ಮೂಳೆನೋವಿನ ಮಾತು. ಗಾಡಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಮೊದಲು ಒಂದೇ ಮೇಜಿಗೆ ಕೂರುತ್ತಿದ್ದವರು ಈಗ ಕಿಟಕಿ ಪಕ್ಕ ಒಬ್ಬರು, ಒಲೆ ಪಕ್ಕ ಒಬ್ಬರು. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಹಾಗಾಯಿತು. ನಾನು ಎರಡು ಬಟ್ಟಲು ಎರಡು ಕಡೆ ಇಡುತ್ತಿದ್ದೆ.

ಮುಂದಿನ ಏಪ್ರಿಲ್ ಬಂತು. ಟೋಗಾಶಿ ಎಲ್ಲ ಗಾಡಿಗಳನ್ನೂ ಎಬ್ಬಿಸಿದ, ಕಡುಗೆಂಪು ಗಾಡಿಯನ್ನೂ ಎಬ್ಬಿಸಿದ. ಒಂದು ಬೆಳಿಗ್ಗೆ ಅವನ ಟ್ರಕ್ ಘಟ್ಟದ ಕಡೆ ಹೋದದ್ದು ನೋಡಿ, ಅಂಗೈ ಸವರಲು ಹೋದ ಎಂದುಕೊಂಡೆ. ನನಗೆ ಅವತ್ತು ಬಂದರಿನಲ್ಲಿ ಒಣಮೀನು ಕೊಳ್ಳುವುದಿತ್ತು, ಬಸ್ ಹತ್ತಿದೆ. ಮುಂದಿನ ಸೀಟಿನಲ್ಲಿ ಮಿಕಾಮಿ ಅಜ್ಜ ಕೂತಿದ್ದರು. ಮಡಿಲಲ್ಲಿ ಊಟದ ಡಬ್ಬಿ.

“ಎಲ್ಲಿಗೆ ಅಜ್ಜ?”

“ಸಮುದ್ರ ನೋಡೋಕೆ. ಹೊರೆ ಆಗಿ ಹೋಗೋದನ್ನ ಕಲೀಬೇಕಲ್ಲ” ಎಂದರು.

ಬಸ್ಸು ಏರು ಹತ್ತಿತು. ಕರಡಿ ತಿರುವಿಗೆ ಬಂದಾಗ ಡ್ರೈವರ್ ಬ್ರೇಕ್ ಹಾಕಿ “ಯಾರಪ್ಪ ಇವ್ನು!” ಎಂದ. ರಸ್ತೆಯ ನಡುವೆ ಟೋಗಾಶಿ. ಬಿದಿರಿನ ಹೊಸ ಪೊರಕೆ ಹಿಡಿದು, ಸೊಂಟ ಬಗ್ಗಿಸಿ, ಒಳಬದಿಯಿಂದ ಹೊರಬದಿಗೆ ಮರಳು ತಳ್ಳುತ್ತಿದ್ದ. ಅರ್ಧ ತಿರುವು ಆಗಲೇ ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಘಟ್ಟದಲ್ಲಿ ಬಸ್ಸು ಕೇಳಿದ ಕಡೆ ನಿಲ್ಲುತ್ತದೆ. ಅಜ್ಜ ಎದ್ದು, “ಇಳೀತೀನಿ” ಎಂದರು. ನನಗೂ ಕೂರಲಾಗಲಿಲ್ಲ, ಅವರ ಹಿಂದೆಯೇ ಇಳಿದೆ.

ಟೋಗಾಶಿ ಅವರನ್ನು ಕಂಡು ನೆಟ್ಟಗಾದ. ಅಜ್ಜ ಹತ್ತಿರ ಹೋಗಿ, ಬಗ್ಗಿ, ಗುಡಿಸಿದ ಡಾಂಬರಿನ ಮೇಲೆ ಅಂಗೈ ಸವರಿದರು. ತಿರುಗಿಸಿ ನೋಡಿಕೊಂಡರು. ಏನೂ ಹತ್ತಿರಲಿಲ್ಲ.

“ಇದು ಹೋದ ವರ್ಷ ಹೊಳೀಲಿಲ್ವೇನೋ ನಿಂಗೆ?” ಎಂದರು.

ಬಸ್ಸು ತನ್ನ ಪಾಡಿಗೆ ಹೊರಟುಹೋಗಿತ್ತು. ಟೋಗಾಶಿ ತಲೆ ಬಗ್ಗಿಸಿ ನಿಂತ. “ಇಲ್ಲ ಅಣ್ಣ” ಎಂದ. ಮತ್ತೆ “ಇಲ್ಲ” ಎಂದ.

ಅಜ್ಜ ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅವನ ಕೈಯಿಂದ ಪೊರಕೆ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿದರು.

“ನಮ್ಮನೇಲೂ ಒಂದಿತ್ತಲ್ಲೋ” ಎಂದರು, “ಬಾಗಿಲ ಹಿಂದೇನೇ.”

ಆಮೇಲೆ ಉಳಿದರ್ಧ ತಿರುವನ್ನು ಅವರೇ ಗುಡಿಸಿದರು.